ಲಾಮಿಯಾ ಉಪವಾಸ ಕೂತಳು

ಐಗಿನಾ ದ್ವೀಪದಲ್ಲಿ ಯಾರೂ ಮಗುವನ್ನು ಕೊಲ್ಲುತ್ತಿರಲಿಲ್ಲ. ಅಲ್ಲಿನ ಗಂಡಸರು ಅಷ್ಟು ಕೆಟ್ಟವರಲ್ಲ. ಹೆಣ್ಣು ಕೂಸು ಬೇಡವಾದರೆ ಮಡಕೆಯೊಳಗೆ ಮಲಗಿಸುತ್ತಿದ್ದರು. ಒತ್ತಬಾರದಲ್ಲ, ಕೆಳಗೆ ಹಳೇ ಬಟ್ಟೆ ಹಾಸುತ್ತಿದ್ದರು. ಉಸಿರಾಡಬೇಕಲ್ಲ, ಮುಚ್ಚಳವನ್ನು ಒಂದಿಷ್ಟು ಸರಿಸಿ ಇಡುತ್ತಿದ್ದರು. ಆಮೇಲೆ ಊರ ಹಿಂದಿನ ಬೋಳುಗುಡ್ಡ ಹತ್ತಿ, ನೆರಳಿರುವ ಕಡೆ ನೋಡಿ, ಇಟ್ಟು ಬರುತ್ತಿದ್ದರು. ಅಲ್ಲಿಗೆ ತಂದೆಯ ಕೆಲಸ ಮುಗಿಯಿತು. ಮುಂದಿನದು ಲಾಮಿಯಾಳಿಗೆ ಬಿಟ್ಟದ್ದು.

ಲಾಮಿಯಾ ಅಂದರೆ ಕೂಸು ತಿನ್ನುವ ರಾಕ್ಷಸಿ. ಒಂದು ಕಾಲು ಕತ್ತೆಯದು. ಮಲಗುವಾಗ ಕಣ್ಣು ಕಿತ್ತು ಬಟ್ಟಲಲ್ಲಿ ಇಡುತ್ತಾಳೆ. ಮಡಕೆ ಖಾಲಿಯಾದರೆ ಅವಳು ತಿಂದಳು ಎಂದು ಅರ್ಥ. ಊರಿನವರ ಕೈಯೆಲ್ಲ ಶುದ್ಧ. ಊರಿನ ರಕ್ತವೆಲ್ಲ ಒಬ್ಬಳ ಬಾಯಲ್ಲಿ. ಆ ಬಾಯಲ್ಲಿ ಇದ್ದದ್ದು ಮೂರು ಹಲ್ಲು.

ಅವಳ ಹೆಸರು ಮಿರ್ತಾಲೆ. ಬೋಳುಗುಡ್ಡದ ಬುಡದಲ್ಲಿ ಜೇಡಿಮಣ್ಣಿನ ಗುಂಡಿ, ಗುಂಡಿಯ ಪಕ್ಕ ಮಡಕೆ ಸುಡುವ ಆವಿಗೆ, ಆವಿಗೆಯ ಪಕ್ಕ ಅವಳ ಗುಡಿಸಲು. ಅಡುಗೆಯ ಮಡಕೆ ಮಾಡಿ ಬದುಕುತ್ತಿದ್ದಳು. ಮಣ್ಣಿಗೆ ಕಡಲ ದಂಡೆಯ ಕರಿಮರಳು ಬೆರೆಸಿ ಕಾಲಲ್ಲಿ ತುಳಿಯಬೇಕು. ತುಳಿದು ತುಳಿದು ಹಿಮ್ಮಡಿ ಸೀಳಿತ್ತು. ಸೊಂಟ ಬಾಗಿದ್ದು ಬಾಗಿದ ಹಾಗೇ ನಿಂತಿತ್ತು. ಒಮ್ಮೆ ಆವಿಗೆಯ ಗೋಡೆ ಕುಸಿದು ಎಡಗಾಲ ಮೇಲೆ ಬಿತ್ತು. ಅಂದಿನಿಂದ ಕುಂಟು. ಅದು ಊರ ಬಾಯಿಗೆ ಬಿದ್ದು ಕತ್ತೆಕಾಲಾಯಿತು. ಹೊಗೆಗೆ ಕಣ್ಣು ಉರಿದಾಗ ಬಟ್ಟಲಲ್ಲಿ ಸೋಂಪಿನ ನೀರು ಇಟ್ಟುಕೊಂಡು ತೊಳೆಯುತ್ತಿದ್ದಳು. ಯಾರೋ ಬೇಲಿಯಾಚೆಯಿಂದ ಕಂಡರು. ಮಾರನೇ ದಿನ ಅವಳು ಕಣ್ಣು ಕೀಳುತ್ತಾಳೆ ಎಂದು ಊರಿಗೆಲ್ಲ ಗೊತ್ತಾಗಿತ್ತು. ಹಾಗೆ ಗೊತ್ತಾಗುವ ವಿಷಯಗಳಿಗೆ ಸಾಕ್ಷಿ ಬೇಕಾಗುವುದಿಲ್ಲ.

ಒಂದು ಕಾಲಕ್ಕೆ ಅವಳೂ ಹೆಣ್ಣು ಹೆತ್ತಿದ್ದಳು. ಅವಳೇ ತುಳಿದ ಮಣ್ಣಿನ, ಅವಳೇ ತಟ್ಟಿದ ಮಡಕೆಯಲ್ಲಿ ಕೂಸನ್ನಿಟ್ಟು ಗಂಡ ಗುಡ್ಡ ಹತ್ತಿದ. ಹಸಿಬಾಣಂತಿ ಮಾರನೇ ದಿನ ತೆವಳಿಕೊಂಡು ಹೋಗಿ ನೋಡಿದಳು. ಮಡಕೆ ಇತ್ತು. ಅಷ್ಟೇ ಇತ್ತು. ಗುಡ್ಡದ ಮೇಲೆ ಕೂತು ಕೂಗಿದಳು. ಊರಿನವರು ಬಾಗಿಲು ಹಾಕಿಕೊಂಡರು. ಯಾವುದೋ ಮನೆಯಲ್ಲಿ ರಚ್ಚೆ ಹಿಡಿದ ಹುಡುಗನಿಗೆ ಅವನ ತಾಯಿ, "ಸುಮ್ನಿರು, ಲಾಮಿಯಾ ಕೂಗ್ತಾವ್ಳೆ, ಬಂದು ತಿಂದುಬಿಡ್ತಾಳೆ" ಅಂದಳು. ಹುಡುಗ ಸುಮ್ಮನಾದ. ಹೆಸರು ನಿಂತಿತು. ಕೂಸು ಕಳೆದುಕೊಂಡವಳು ಕೂಸು ತಿನ್ನುವವಳಾದಳು. ಕೆಲವು ವರ್ಷದ ಮೇಲೆ ಗಂಡ ದೋಣಿ ಮುಗುಚಿ ಸತ್ತ. ಅವನನ್ನೂ ಅವಳೇ ತಿಂದಳು ಅಂದರು. ಅಷ್ಟು ದೊಡ್ಡ ಆಳನ್ನು ಹೇಗೆ ತಿಂದಳು ಎಂದು ಕೇಳಿದವರಿಲ್ಲ.

ಕೂಸುಗಳು ಎಲ್ಲಿ ಹೋಗುತ್ತಿದ್ದವು? ಕೆಲವು ನರಿಗೆ. ಕೆಲವು ಬಿಸಿಲಿಗೆ. ಗಟ್ಟಿಮುಟ್ಟಾದವು ಬಂದರಿನ ದಲ್ಲಾಳಿಗೆ. ಅವನು ಅವನ್ನು ಸಾಕಿ, ಬೆಳೆಸಿ, ಬಂದರಿನ ಸೂಳೆಮನೆಗಳಿಗೆ ಮಾರುತ್ತಿದ್ದ. ಅಲ್ಲಿಗೆ ಹೋಗುವ ಗಂಡಸರು ಎದುರು ನಿಂತ ಹುಡುಗಿಯ ವಯಸ್ಸು ಕೇಳುತ್ತಿದ್ದರು. ಯಾರ ಮಗಳು ಎಂದು ಕೇಳುತ್ತಿರಲಿಲ್ಲ. ಕೇಳದಿರುವುದು ಒಳ್ಳೆಯದೆಂದು ಅವರಿಗೆ ಗೊತ್ತಿತ್ತು.

ಆ ಮಡಕೆಗಳೂ ಮಿರ್ತಾಲೆಯವೇ. ಅವಳ ಮಡಕೆ ಬಿಸಿಲಿಗೆ ಬಿರಿಯುವುದಿಲ್ಲ ಎಂದು ಹೆಸರು. ಅಡುಗೆಗೆ ಮಡಕೆ ಬೇಕಾದರೆ ಹೆಂಗಸರು ಗುಂಪು ಕಟ್ಟಿಕೊಂಡು ಬರುತ್ತಾರೆ, ಇಲ್ಲವೇ ಆಳುಗಳು ಬರುತ್ತಾರೆ. ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ. ಮನೆಯ ಯಜಮಾನ ತಾನೇ ಬಂದು, ತಲೆ ಮೇಲೆ ಬಟ್ಟೆ ಎಳೆದುಕೊಂಡು, ಬಡಿದು ನೋಡದೆ ಒಂದನ್ನೆತ್ತಿಕೊಂಡರೆ ಅವಳಿಗೆ ತಿಳಿಯುತ್ತಿತ್ತು. ತಿಳಿದರೂ ಕೊಡುತ್ತಿದ್ದಳು. ಮಣ್ಣಿನ ಗುಂಡಿ ಎಣ್ಣೆ ವ್ಯಾಪಾರಿ ಲ್ಯೂಕನ್ ಮನೆತನದ್ದು. ಇಲ್ಲ ಅಂದರೆ ಗುಂಡಿ ಇಲ್ಲ. ಗುಂಡಿ ಇಲ್ಲದಿದ್ದರೆ ಗಂಜಿ ಇಲ್ಲ.

ಹೋದ ವರ್ಷ ಅದೇ ಲ್ಯೂಕನ್ ಬಂದು ಒಂದು ಮಡಕೆ ಒಯ್ದಿದ್ದ. ಅವನು ಒಯ್ದ ಮೂರನೇ ದಿನ ಅವನ ಹೆಂಡತಿ ಥಿಯಾನೊ ಬಂದಳು. ಹದಿನೇಳೋ ಹದಿನೆಂಟೋ ವಯಸ್ಸು. ಚೊಚ್ಚಲ ಬಾಣಂತಿ. ಕಾಲಲ್ಲಿ ಚಪ್ಪಲಿಯಿಲ್ಲ. ಎದೆಯ ಮೇಲೆ ಬಟ್ಟೆ ಹಾಲಿಗೆ ತೊಯ್ದು ಅಂಟಿಕೊಂಡಿತ್ತು. ರಾಕ್ಷಸಿಯ ಅಂಗಳಕ್ಕೆ ಹಗಲು ಹೊತ್ತಿನಲ್ಲಿ ಒಬ್ಬಳೇ ನಡೆದು ಬಂದವಳು ಅವಳೊಬ್ಬಳೇ.

"ಮೂಳೆ ಕೊಡು" ಅಂದಳು.

ಮಿರ್ತಾಲೆ ಮಣ್ಣು ತುಳಿಯುವುದನ್ನು ನಿಲ್ಲಿಸಿದಳು.

"ತಿಂದದ್ದು ತಿಂದೆ. ನಾನೇನೂ ಮಾಡೋಕಾಗಲ್ಲ. ಮೂಳೆ ಎಲ್ಲಿಟ್ಟಿದೀಯ ಹೇಳು. ಮಣ್ಣು ಮಾಡ್ತೀನಿ."

"ನಾನಲ್ಲ, ಮಗಳೇ."

"ಸುಳ್ಳು ಹೇಳ್ಬೇಡ. ನಾನ್ಯಾರಿಗೂ ದೂರು ಹೇಳಲ್ಲ. ಒಂದು ಮೂಳೆ ಸಾಕು."

ಮಿರ್ತಾಲೆ ಬಾಯಿ ತೆರೆದು ತೋರಿಸಿದಳು. "ನೋಡು. ಮೇಲೆ ಒಂದು, ಕೆಳಗೆ ಎರಡು. ಒಣಗಿದ ಅಂಜೂರ ಕೂಡ ನೆನೆಹಾಕಿ ತಿನ್ನೋಳು ನಾನು."

ಥಿಯಾನೊ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಮುಖ ಬದಲಾಯಿತು.

"ಹಾಗಾದ್ರೆ ಯಾರು?" ಅಂದಳು.

ಮಿರ್ತಾಲೆಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಆ ಹುಡುಗಿ ಉತ್ತರದ ಜೊತೆಗೇ ಮನೆಗೆ ಹೋಗಿ, ಉತ್ತರದ ಪಕ್ಕದಲ್ಲೇ ಮಲಗಬೇಕಾಗಿತ್ತು. ಹಣೆಗೆ ಮಣ್ಣಿನ ಕೈಯಿಟ್ಟು ಕಳಿಸಿದಳು. ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಮಣ್ಣು ತುಳಿಯುವಾಗಲೆಲ್ಲ ಕಾಲಡಿಯಲ್ಲಿ ಸಿಗುತ್ತಿತ್ತು, ಆರಿಸಿದರೂ ಉಳಿಯುವ ಕಲ್ಲಿನ ಹಾಗೆ.

ಈ ವರ್ಷ ದ್ರಾಕ್ಷಿದೇವರ ಹಬ್ಬ ಬಂತು. ಹಬ್ಬದಲ್ಲಿ ನಗೆಯಾಟ. ಆಟದ ಖರ್ಚು ಹೊತ್ತವನು ಲ್ಯೂಕನ್. ಆಟದ ಹೆಸರು 'ಲಾಮಿಯಾ'. ಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ ಬಟ್ಟೊ ಎಂಬ ನಟ ಮಣ್ಣುಗುಂಡಿಗೆ ಬಂದ. ಹೊಟ್ಟೆಗೆ ಹುಲ್ಲಿನ ದಿಂಬು ಕಟ್ಟಿದ್ದ. ಕಂಕುಳಲ್ಲಿ ಮುಖವಾಡ. ಅದಕ್ಕೆ ಹಂದಿಯ ಕೋರೆ ಎರಡು. ಕೈಯಲ್ಲಿ ಒಂದು ಬುಟ್ಟಿ ಅಂಜೂರ.

"ಅಜ್ಜಿ, ಹೆದರಬೇಡ" ಅಂದ. ತಾನು ಮಾತ್ರ ಬೇಲಿಯಾಚೆಗೇ ನಿಂತಿದ್ದ.

"ನಾನ್ಯಾಕಪ್ಪ ಹೆದರಲಿ. ಕೂತ್ಕೊ."

"ನಿನ್ನ ಪಾತ್ರ ಮಾಡ್ತಿದೀನಿ. ಸ್ವಲ್ಪ ನಡೆದು ತೋರಿಸ್ತೀಯಾ?"

ಮಿರ್ತಾಲೆ ಆವಿಗೆಯ ತನಕ ನಡೆದು ಸೌದೆ ತಂದಳು. ಬಟ್ಟೊ ಹಿಂದೆಯೇ ಕುಂಟುತ್ತ ಹೋಗಿ ಬಂದ.

"ಇಷ್ಟೇನಾ?"

"ಇಷ್ಟೇ."

"ಇದಕ್ಕೆ ಯಾರು ನಗ್ತಾರೆ. ನಮ್ಮತ್ತೇನೂ ಹೀಗೇ ನಡೀತಾಳೆ." ಅವನಿಗೆ ನಿರಾಸೆಯಾಯಿತು. "ಹೋಗ್ಲಿ, ಕೂಸನ್ನ ಹೇಗೆ ತಿಂತೀಯ? ಮೊದಲು ತಲೆನಾ, ಕಾಲಾ?"

"ಬಟ್ಟೊ, ನಿಂಗೆಷ್ಟು ಮಕ್ಕಳು?"

"ಇಬ್ಬರು ಗಂಡು."

"ಹೆಣ್ಣಾಗಲಿಲ್ವಾ?"

ಬಟ್ಟೊ ಅಂಜೂರದ ಬುಟ್ಟಿಯನ್ನು ಅತ್ತಿಂದಿತ್ತ ಸರಿಸಿದ. "ಒಂದಾಗಿತ್ತು" ಅಂದ. "ಅದನ್ನ... ನಿಂಗೇ ಗೊತ್ತಲ್ಲ."

"ನನಗೆ ಗೊತ್ತಿಲ್ಲ. ನೀನೇ ಹೇಳು. ಮೊದಲು ತಲೆನಾ, ಕಾಲಾ?"

ಬಟ್ಟೊ ಎದ್ದ. ಮುಖವಾಡವನ್ನು ಮುಖಕ್ಕೆ ಹಿಡಿದುಕೊಂಡ, ಬಿಸಿಲಿಗೆ ಎಂಬಂತೆ. ಹೋಗುವ ಮೊದಲು ಮಾತು ತಿರುಗಿಸಲು ಒಂದು ಸುದ್ದಿ ಬಿಟ್ಟ. "ಲ್ಯೂಕನ್ ಯಜಮಾನ್ರ ಮನೆ ಬಾಗಿಲಿಗೆ ನಿನ್ನೆ ಉಣ್ಣೆ ಕಟ್ಟಿದಾರೆ. ಆಲಿವ್ ಮಾಲೆ ಆಗುತ್ತೆ ಅಂತಿದ್ರು. ಪಾಪ."

ಗಂಡು ಹುಟ್ಟಿದರೆ ಬಾಗಿಲಿಗೆ ಆಲಿವ್ ಎಲೆಯ ಮಾಲೆ. ಹೆಣ್ಣಾದರೆ ಒಂದು ಹಿಡಿ ಕುರಿಯುಣ್ಣೆ. ಐದನೇ ದಿನ ತಂದೆ ಕೂಸನ್ನೆತ್ತಿಕೊಂಡು ಮನೆಯ ಒಲೆಯ ಸುತ್ತ ಓಡಬೇಕು. ಓಡಿದರೆ ಕೂಸು ಮನೆಯದು. ಓಡದಿದ್ದರೆ ಮಡಕೆಯದು. ಈ ಸಲದ ಐದನೇ ದಿನ ಹಬ್ಬದ ದಿನವೇ ಬರುತ್ತಿತ್ತು. ಯಜಮಾನ ಅಷ್ಟರೊಳಗೆ ಕೆಲಸ ಮುಗಿಸಿಕೊಳ್ಳುತ್ತಾನೆ ಎಂದು ಮಿರ್ತಾಲೆಗೆ ಗೊತ್ತಾಯಿತು.

ಅವನು ಸಂಜೆಗೇ ಬಂದ. ತಲೆ ಮೇಲೆ ಬಟ್ಟೆ. ಮಡಕೆ ಬಡಿದು ನೋಡಲಿಲ್ಲ. ಬಗ್ಗಿ ಒಂದನ್ನು ಎತ್ತಿಕೊಂಡ.

"ಇಡಿ ಕೆಳಗೆ" ಅಂದಳು ಮಿರ್ತಾಲೆ.

ಲ್ಯೂಕನ್ ಸುತ್ತ ನೋಡಿದ. ಮಾತಾಡಿದವಳು ಅವಳೇ ಎಂದು ಖಾತ್ರಿಯಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಏನು?"

"ಆ ಮಡಕೆ ಕೊಡಲ್ಲ."

"ಬೇರೆಯೋರಿಗೆ ಹೇಳಿಟ್ಟಿದೀಯಾ? ಇನ್ನೊಂದು ಕೊಡು."

"ಇನ್ನೊಂದೂ ಕೊಡಲ್ಲ."

"ಈ ಗುಂಡಿ ಯಾರದು ಗೊತ್ತಾ?"

"ನಿಮ್ದು. ಮಣ್ಣು ನಿಮ್ದು. ತುಳಿದಿದ್ದು ನಾನು. ತಗೊಂಡ್ಹೋಗಿ, ಮಣ್ಣೆಲ್ಲ ತಗೊಂಡ್ಹೋಗಿ. ಕೂಸನ್ನ ಬೊಗಸೇಲಿ ಇಟ್ಕೊಂಡು ಗುಡ್ಡ ಹತ್ತಿ. ಅದರ ಮುಖ ನೋಡ್ತಾ ಹತ್ತಿ."

ಲ್ಯೂಕನ್ ನಕ್ಕ. ಅವನು ಕೆಟ್ಟ ಮನುಷ್ಯನಲ್ಲ. ಆಳುಗಳ ಮೇಲೆ ಕೈ ಮಾಡಿದವನಲ್ಲ. "ಮುದುಕಿ, ಮಡಕೆ ನಮ್ಮನೇಲಿ ಬೇಕಾದಷ್ಟಿದೆ. ನಿನ್ನ ಕೈಯದು ಗಟ್ಟಿ ಅಂತ ಬಂದೆ. ಹೇಗೂ ಅದು ನಿನ್ನ ಹೊಟ್ಟೆಗೇ ಬರೋದು."

ಅಲ್ಲಿಗೆ ಮಿರ್ತಾಲೆಯೊಳಗೆ ಏನೋ ಸರಿಯಾಗಿ ಕೂತಿತು. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ಅದನ್ನೇ ಹೇಳಬೇಕು ಅಂತಿದ್ದೆ. ಬರಲ್ಲ. ನನಗೆ ಹೊಟ್ಟೆ ತುಂಬಿದೆ. ಲಾಮಿಯಾ ಇವತ್ತಿಂದ ಕೂಸು ತಿನ್ನೋದು ಬಿಟ್ಟವ್ಳೆ. ಊರಿಗೆ ಹೇಳಿ."

ಲ್ಯೂಕನ್ ಊರಿಗೆ ಹೇಳಲಿಲ್ಲ. ಮನೆಗೆ ಹೋಗಿ ಅಡುಗೆಮನೆಯ ಮಡಕೆಗೆ ಕೈ ಹಾಕಿದ. ಅವನ ತಾಯಿ ಅಡ್ಡ ಬಂದಳು. "ಅದ್ರಲ್ಲಿ ಬೇಳೆ ಬೇಯಿಸ್ತೀವಿ ಕಣೋ. ಅಸಹ್ಯ ಆಗಲ್ವಾ?" ಹೀಗಾಗಿ ಕೆಲಸ ಮಾರನೇ ದಿನಕ್ಕೆ ಹೋಯಿತು.

ಮಾರನೇ ದಿನ ಬೆಳಗ್ಗೆ ಊರಿನ ಹೆಂಗಸರು ಕೊಡ ಹೊತ್ತು ನೀರಿಗೆ ಹೋಗುವಾಗ ಮಿರ್ತಾಲೆ ಎದುರಿನಿಂದ ಬಂದಳು. ರಾಕ್ಷಸಿ ಹಗಲಲ್ಲಿ ಊರೊಳಗೆ ಬಂದದ್ದು ಯಾರಿಗೂ ನೆನಪಿರಲಿಲ್ಲ. ಮಕ್ಕಳು ಅರಚಿದವು. ಅವಳು ನಿಲ್ಲಲಿಲ್ಲ. ಕೈಯಲ್ಲಿ ಒಂದು ಆಲಿವ್ ಕೊಂಬೆಯಿತ್ತು. ಲ್ಯೂಕನ್ ಮನೆಯ ಬಾಗಿಲಿಗೆ ಹೋಗಿ, ಅಲ್ಲಿ ಕಟ್ಟಿದ್ದ ಹಿಡಿ ಉಣ್ಣೆಯನ್ನು ಬಿಚ್ಚಿಕೊಂಡಳು. ಅಲ್ಲೇ ನಿಂತು ಅದನ್ನು ಕೊಂಬೆಗೆ ಸುತ್ತಿದಳು. ಒಳಗಿನಿಂದ ಕೂಸು ಅಳುವುದು ಕೇಳಿತು.

ಉಣ್ಣೆ ಸುತ್ತಿದ ಆಲಿವ್ ಕೊಂಬೆ ಹಿಡಿದು ದೇವರ ಪೀಠದ ಮೇಲೆ ಕೂತವರನ್ನು ಯಾರೂ ಮುಟ್ಟುವ ಹಾಗಿಲ್ಲ. ಕಳ್ಳನಾಗಲಿ, ಕೊಲೆಗಾರನಾಗಲಿ, ಕೂತಷ್ಟು ದಿನ ದೇವರ ಮಗು. ಎಳೆದರೆ ಊರಿಗೇ ಶಾಪ. ರಾಕ್ಷಸಿಯನ್ನು ಎಳೆಯಬಹುದೋ ಇಲ್ಲವೋ ಎಂಬುದರ ಬಗ್ಗೆ ಕಟ್ಟಳೆ ಏನೂ ಹೇಳಿರಲಿಲ್ಲ. ಕಟ್ಟಳೆ ಮಾಡಿದವರಿಗೆ ಅದು ತೋಚಿರಲಿಲ್ಲ.

ಆಟದ ಬಯಲಿನ ನಟ್ಟನಡುವೆ ದ್ರಾಕ್ಷಿದೇವರ ಪೀಠ. ಅದರ ಮೇಲೆ ಬೆಂಕಿ. ಪೀಠದ ಮೆಟ್ಟಿಲ ಮೇಲೆ ಮಿರ್ತಾಲೆ ಕುಂಟುಗಾಲು ಚಾಚಿ ಕೂತಳು. ಸುತ್ತ ಜನ ಸೇರಿತು.

"ಕೇಳ್ರಪ್ಪ" ಅಂದಳು. ಕೂಗಲಿಲ್ಲ. "ಲಾಮಿಯಾ ಉಪವಾಸ ಕೂತವ್ಳೆ. ಇನ್ಮೇಲೆ ಒಂದು ಕೂಸನ್ನೂ ತಿನ್ನಲ್ಲ. ಹಗಲೂ ರಾತ್ರಿ ಇಲ್ಲೇ ಇರ್ತೀನಿ. ಕಾವಲು ಬೇಕಾದ್ರೆ ಹಾಕ್ಕೊಳ್ಳಿ."

ಹಾಗೆ ಹೇಳಿ ಸೆರಗಿನಿಂದ ಬಟ್ಟೊ ಕೊಟ್ಟ ಅಂಜೂರ ತೆಗೆದು ಚೀಪಿದಳು.

"ಉಪವಾಸ ಅಂದ್ಯಲ್ಲ" ಅಂದನೊಬ್ಬ.

"ಕೂಸಿನ ಉಪವಾಸ ಕಣಪ್ಪ. ಅಂಜೂರ ನಡೀತದೆ."

ಊರಿನ ಹಿರಿಯರು ಮಧ್ಯಾಹ್ನಕ್ಕೆ ಸಭೆ ಸೇರಿದರು. ಹಿರಿಯ ಫೀಡನ್, ಬಿಳಿಗಡ್ಡದವನು, ದಂಡ ಹಿಡಿದು ಮೊದಲು ಮಾತಾಡಿದ. ಊರಿಗೆ ಬಹಳ ದೊಡ್ಡ ಕಷ್ಟ ಬಂದಿದೆ ಅಂದ. ಬರಗಾಲ ನೋಡಿದ್ದೇವೆ, ಯುದ್ಧ ನೋಡಿದ್ದೇವೆ, ಇಂಥದ್ದು ನೋಡಿಲ್ಲ ಅಂದ. ಎಲ್ಲರೂ ತಲೆಯಾಡಿಸಿದರು.

"ಬೇರೆ ರಾಕ್ಷಸಿ ನೋಡೋಣ" ಅಂದ ಒಬ್ಬ. "ಎಂಪುಸಾ ಇದಾಳಲ್ಲ."

"ಅವಳು ದಾರೀಲಿ ಹೋಗೋ ಗಂಡಸರನ್ನ ಹಿಡಿಯೋಳು. ಅವಳ ಕಸುಬೇ ಬೇರೆ."

"ಗೊರ್ಗೊ?"

"ಅವಳು ನೋಡಿದ್ದೆಲ್ಲ ಕಲ್ಲಾಗುತ್ತೆ. ಕೂಸು ಕಲ್ಲಾಗಿ ಗುಡ್ಡದ ಮೇಲೇ ಬಿದ್ದಿದ್ರೆ ಏನು ಬಂತು? ಎಲ್ಲರ ಕಣ್ಣಿಗೂ ಕಾಣ್ತಾ ಇರುತ್ತೆ."

"ಹಾರೋ ಹೆಂಗಸರು? ಹದ್ದಿನ ರೆಕ್ಕೆಯೋರು?"

"ಅವರು ಊಟ ಕದಿಯೋರು. ಅಷ್ಟೇ."

ಕೆಲಸಕ್ಕೆ ಬರುವ ರಾಕ್ಷಸಿ ಇನ್ನೊಬ್ಬಳು ಸಿಗಲಿಲ್ಲ. ಹಾಗಾಗಿ ಲಾಮಿಯಾಳ ಮನಸ್ಸೇ ತಿರುಗಿಸಬೇಕು ಎಂದು ತೀರ್ಮಾನವಾಯಿತು. ಫೀಡನ್ ಹತ್ತು ಜನರ ಜೊತೆ ಬಯಲಿಗೆ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳನ್ನು ಬಹುವಚನದಲ್ಲಿ ಮಾತಾಡಿಸಿದ.

"ನೋಡಿ ತಾಯಿ, ನೀವು ಹೀಗೆ ದಿಢೀರಂತ ಬಿಟ್ಟುಬಿಟ್ರೆ ಊರು ನಡೆಯೋದು ಹೇಗೆ?"

"ನನ್ನಿಂದ ನಡೀತಿತ್ತಾ? ಗೊತ್ತೇ ಇರಲಿಲ್ಲ ನನಗೆ."

"ಇಷ್ಟು ವರ್ಷ ತಿಂದಿದೀರಿ."

"ತಿಂದೆ ಅಂತ ನೀವೇ ಹೇಳಿದ್ರಿ. ನಾನೂ ಸುಮ್ಮನಿದ್ದೆ. ಈಗ ಬಿಟ್ಟಿದೀನಿ. ವಯಸ್ಸಾಯ್ತು. ಅರಗಲ್ಲ."

"ನಿಮ್ಮ ಹೆಸರಲ್ಲಿ ಒಂದು ಗುಡಿ ಕಟ್ಟಿಸ್ತೀವಿ."

"ಕಟ್ಟಿಸಿ. ಒಳಗೆ ನಿಮ್ಮ ಹೆಣ್ಣುಮಕ್ಕಳನ್ನ ಕೂರಿಸಿ."

ಫೀಡನ್‌ಗೆ ನಾಲ್ಕು ಹೆಣ್ಣುಮಕ್ಕಳು ಹುಟ್ಟಿದ್ದವು. ಮನೆಯಲ್ಲಿ ಒಂದೂ ಇರಲಿಲ್ಲ. ಅವನು ದಂಡದಿಂದ ನೆಲ ಕೆದಕಿದ. ಕೊನೆಗೆ ಅವನಿಗೆ ಜಾಣ ಉಪಾಯ ಹೊಳೆಯಿತು. ಮುದುಕಿ ನಾಟಕವಾಡುತ್ತಿದ್ದಾಳೆ, ಕತ್ತಲಾದ ಮೇಲೆ ಗುಡ್ಡಕ್ಕೆ ಹೋಗಿಯೇ ಹೋಗುತ್ತಾಳೆ, ಕೂಸಿನ ಸಮೇತ ಹಿಡಿಯೋಣ. ಇಬ್ಬರು ಗಟ್ಟಿ ಆಳುಗಳನ್ನು, ಊರು ನಂಬುವಂಥವರನ್ನು, ಪೀಠದ ಪಕ್ಕ ಕಾವಲಿಟ್ಟ. ಕಣ್ಣು ಮುಚ್ಚಕೂಡದು ಎಂದು ಆಣೆ ಮಾಡಿಸಿದ.

ಅವರು ಕಣ್ಣು ಮುಚ್ಚಲಿಲ್ಲ. ಮುದುಕಿ ಕೂತಲ್ಲೇ ಗೊರಕೆ ಹೊಡೆದಳು. ಕಣ್ಣು ಕಿತ್ತಿಡಲಿಲ್ಲ. ಒಮ್ಮೆ ಎದ್ದು ನೀರು ಕೇಳಿದಳು. ಅವರೇ ತಂದುಕೊಟ್ಟರು.

ಬೆಳಗಾದಾಗ ಬೋಳುಗುಡ್ಡದ ಮೇಲೆ ಒಂದು ಖಾಲಿ ಮಡಕೆ ಸಿಕ್ಕಿತು.

ಹಗ್ಗ ಹೊಸೆಯುವವನೊಬ್ಬ ಸಭೆಯ ಸುದ್ದಿ ತಿಳಿಯದೆ, ಹಿಂದಿನ ಸಂಜೆ ತನ್ನ ಕೂಸನ್ನು ಇಟ್ಟು ಬಂದಿದ್ದ. ಮಡಕೆಯ ಸುತ್ತ ನರಿಯ ಹೆಜ್ಜೆಗಳು. ಬಟ್ಟೆಯ ಚೂರು. ಅವನ ಹೆಂಡತಿ ಅದನ್ನು ಹಿಡಿದುಕೊಂಡು ಗುಡ್ಡದಿಂದ ಇಳಿದು ನೇರ ಬಯಲಿಗೆ ಬಂದಳು. ರೂಢಿಯಂತೆ ಲಾಮಿಯಾಳಿಗೆ ಕಲ್ಲು ಹೊಡೆಯಲು ಬಂದಿದ್ದಳು. ಕೈಯಲ್ಲಿ ಕಲ್ಲಿತ್ತು. ಮಿರ್ತಾಲೆ ಮೆಟ್ಟಿಲ ಮೇಲೆ ಕೂತಿದ್ದಳು. ಕಾವಲಿನವರು ಪಕ್ಕದಲ್ಲಿದ್ದರು.

"ಇವಳು ರಾತ್ರಿ ಎದ್ದು ಹೋದಳಾ?" ಹಗ್ಗದವನ ಹೆಂಡತಿ ಕೇಳಿದಳು.

ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಆಣೆ ಮಾಡಿದ್ದರಲ್ಲ. "ಇಲ್ಲ" ಅಂದರು.

"ಕಣ್ಣು ಮುಚ್ಚಿದ್ರಾ?"

"ಇಲ್ಲ."

ಮಿರ್ತಾಲೆ ತಲೆ ತಗ್ಗಿಸಿದಳು. ತಾನು ಇಲ್ಲಿ ಕೂತು ಗೊರಕೆ ಹೊಡೆಯುವಾಗ ಅಲ್ಲಿ ಕೂಸು ಅತ್ತಿತ್ತು. ಅವಳ ಮಾತು ನಿಜವೆಂದು ತೋರಿಸಲು ಒಂದು ಜೀವ ಹೋಗಿತ್ತು. ಆ ಗೆಲುವು ಅವಳಿಗೆ ಬೇಕಿರಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಸೆರಗಿನ ಅಂಜೂರವನ್ನು ತೆಗೆದು ದೂರ ಇಟ್ಟಳು.

ಹಗ್ಗದವನ ಹೆಂಡತಿ ಕಲ್ಲನ್ನು ಕೆಳಗೆ ಹಾಕಲಿಲ್ಲ. ತಿರುಗಿದಳು. ಸಂತೆಯ ಬೀದಿಯಲ್ಲಿ ಗಂಡ ಹಗ್ಗ ಹರಡಿಕೊಂಡು ಕೂತಿದ್ದ. ಅವನ ಮುಂದೆ ಬಟ್ಟೆಯ ಚೂರನ್ನಿಟ್ಟು, ಕೊಳ್ಳುವವರ ಎದುರಿಗೇ ಕೇಳಿದಳು. "ಲಾಮಿಯಾ ಬಯಲಲ್ಲಿದ್ಳು. ಹಾಗಾದ್ರೆ ಯಾರು?"

ಅವನು, "ಮನೆಗೆ ನಡಿ, ಮಾತಾಡೋಣ" ಅಂದ.

"ಇಲ್ಲೇ ಹೇಳು. ಯಾರು?"

ಅಂದು ನೀರಿನ ಕಟ್ಟೆಯಲ್ಲಿ ಕೊಡಗಳು ತುಂಬಿ ಹರಿದವು. ಹೆಂಗಸರು ಮಾತಾಡುತ್ತ ನಿಂತುಬಿಟ್ಟರು. ವರ್ಷಗಳಿಂದ ಲಾಮಿಯಾಳನ್ನು ಶಪಿಸಿ ಶಪಿಸಿ ಬಾಯಿ ಒಣಗಿದವರು ಮೊದಲ ಸಲ ಗಂಡಂದಿರ ಹೆಸರು ಹೇಳಿಕೊಂಡು ಅತ್ತರು. ಸಂಜೆ ಗಂಡಸರು ಮನೆಗೆ ಬಂದರೆ ಒಲೆ ಹೊತ್ತಿರಲಿಲ್ಲ. "ಗಂಜಿ ಎಲ್ಲಿ?" ಎಂದು ಒಬ್ಬ ಕೇಳಿದ. "ಲಾಮಿಯಾ ತಿಂದ್ಲು" ಅಂದಳು ಹೆಂಡತಿ.

ಲ್ಯೂಕನ್ ಮನೆಯಲ್ಲಿ ಕೂಸು ಇನ್ನೂ ಇತ್ತು. ಹಿಂದಿನ ದಿನ ಸಭೆಯಲ್ಲೇ ಕಳೆದಿತ್ತು. ಈಗ ಅವನು ಅದನ್ನು ಗುಡ್ಡಕ್ಕೆ ಒಯ್ಯುವುದಾದರೆ ತನ್ನ ಹೆಸರಿನಲ್ಲೇ ಒಯ್ಯಬೇಕಾಗಿತ್ತು. ಹಬ್ಬದ ಮುಖಂಡ. ನಾಳೆ ಕೆಂಪು ನಿಲುವಂಗಿ ತೊಟ್ಟು ಊರೆದುರು ಕೂರಬೇಕಾದವನು. ಅವನು ಅತ್ತ ಓಡಲೂ ಇಲ್ಲ, ಇತ್ತ ಬಿಡಲೂ ಇಲ್ಲ. ಹಬ್ಬ ಮುಗಿಯಲಿ ನೋಡೋಣ ಅಂದ. ತಾಯಿಗೆ ಮೆಲ್ಲಗೆ, "ಜನ ಮರೀತಾರೆ" ಅಂದ. ಗೋಡೆಯ ಆಚೆ ಬಾಣಂತಿ ಎಚ್ಚರವಿದ್ದಳು.

ಹಬ್ಬದ ದಿನ ಬಯಲಿನ ಸುತ್ತಲ ಕಲ್ಲುಮೆಟ್ಟಿಲುಗಳು ತುಂಬಿದವು. ಮುಂದೆ ಗಂಡಸರು, ಹಿಂದೆ ಎತ್ತರದಲ್ಲಿ ಹೆಂಗಸರು. ಲ್ಯೂಕನ್ ಕೆಂಪು ನಿಲುವಂಗಿಯಲ್ಲಿ ಮುಂದಿನ ಸಾಲಿನಲ್ಲಿ ಕೂತ. ನಡುವಿನ ಪೀಠದ ಮೆಟ್ಟಿಲ ಮೇಲೆ ಮಿರ್ತಾಲೆ ಕೊಂಬೆ ಹಿಡಿದು ಕೂತೇ ಇದ್ದಳು. ಎಳೆಯುವ ಹಾಗಿಲ್ಲ. ಆಟ ಬಿಡುವ ಹಾಗೂ ಇಲ್ಲ. ಬಟ್ಟೊನನ್ನು ತಳ್ಳಿದರು. ಅವನು ಹುಲ್ಲಿನ ಹೊಟ್ಟೆ, ಹಂದಿಯ ಕೋರೆ ಹೊತ್ತು ಕುಣಿಯುತ್ತ ಬಂದು, "ಹಸಿವು, ಹಸಿವು, ಎಲ್ಲಿ ನನ್ನ ಕೂಸು" ಎಂದು ಗರ್ಜಿಸಿದ. ಪಕ್ಕದಲ್ಲಿ ನಿಜವಾದ ಲಾಮಿಯಾ ಅಂಜೂರ ಚೀಪುತ್ತಿದ್ದಳು. ಮುಂದಿನ ಸಾಲಿನ ಹುಡುಗನೊಬ್ಬ ಅಪ್ಪನನ್ನು ಕೇಳಿದ, "ಅಪ್ಪಾ, ಇವನಿಗ್ಯಾಕೆ ಹಲ್ಲು, ಅವಳಿಗೇ ಇಲ್ವಲ್ಲ?" ಬಯಲಿನಲ್ಲಿ ಸದ್ದು ದೂರ ಹೋಗುತ್ತದೆ. ಬಟ್ಟೊ ಮುಂದಿನ ಮಾತು ಮರೆತ. ಆಮೇಲೆ ಮುಖವಾಡ ಕಳಚಿ ಮಿರ್ತಾಲೆಯ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ಥಿಯಾನೊ ಬಂದಳು.

ಎತ್ತರದ ಹೆಂಗಸರ ಸಾಲಿನಿಂದ ಅಲ್ಲ, ನಟರು ಬರುವ ದಾರಿಯಿಂದಲೇ ಬಂದಳು. ತೋಳಲ್ಲಿ ಕೂಸು. ನಡೆಯುವುದು ಕಷ್ಟವಾಗುತ್ತಿತ್ತು. ಹೆರಿಗೆಯಲ್ಲಿ ಹರಿದ ಮೈ ಕೂಡಿರಲಿಲ್ಲ. ಕಾಲಿನ ಗಂಟಿನ ಮೇಲೆ ರಕ್ತದ ಒಂದು ಗೆರೆ ಇಳಿದು ಒಣಗಿತ್ತು.

ಫೀಡನ್ ಎದ್ದು ನಿಂತ. "ಅಮ್ಮಾ, ಸೂತಕದವಳು ಪೀಠದ ಹತ್ರ ಬರಬಾರದು. ಮೈಲಿಗೆ."

"ಹೆತ್ತಿದ್ದು ಮೈಲಿಗೆ" ಅಂದಳು ಥಿಯಾನೊ. "ಮಡಕೇಲಿ ಹಾಕಿ ಬಂದ ಕೈಲಿ ಇಲ್ಲಿ ಧೂಪ ಹಾಕ್ತಿದೀರಲ್ಲ. ಅದು ಮಡಿಯಾ?"

ಫೀಡನ್ ಕೂತ. ಅವಳು ಜನರ ಕಡೆ ತಿರುಗಿದಳು.

"ಹೋದ ವರ್ಷ ನನ್ನ ಕೂಸಿನ ಮೂಳೆ ಕೇಳೋಕೆ ಈ ಅಜ್ಜಿ ಹತ್ರ ಹೋಗಿದ್ದೆ. ಇವಳ ಹತ್ರ ಇರಲಿಲ್ಲ. ಯಾರ ಹತ್ರ ಇದೆ, ಹೇಳಿ. ಇಷ್ಟು ಜನ ಇದೀರಿ. ಒಬ್ಬರಾದ್ರೂ ಹೇಳಿ."

ಐಗಿನಾದ ಗಂಡಸರು ಕೂತ ಕಲ್ಲಿನ ಹಾಗೇ ಕೂತಿದ್ದರು. ಗೊರ್ಗೊ ಬೇಕಾಗಿರಲಿಲ್ಲ.

ಥಿಯಾನೊ ಕೂಸನ್ನು ಎದೆಗೆ ಒತ್ತಿಕೊಂಡು ಪೀಠದ ಬೆಂಕಿಯ ಸುತ್ತ ಓಡಲು ತೊಡಗಿದಳು. ಓಟವೇನು, ಎಳೆದುಕೊಂಡು ಹೋಗುವ ನಡಿಗೆ. ಒಂದು ಸುತ್ತಿಗೆ ಉಸಿರು ಕಟ್ಟಿತು. ನಿಲ್ಲಲಿಲ್ಲ. ಮಿರ್ತಾಲೆ ಕುಂಟುಗಾಲನ್ನು ಮಡಚಿ ದಾರಿ ಬಿಟ್ಟಳು. ಬಟ್ಟೊ ತನ್ನ ಹುಲ್ಲಿನ ಹೊಟ್ಟೆಯನ್ನು ಒಳಗೆಳೆದುಕೊಂಡ.

"ತಂದೆ ಓಡಬೇಕು" ಫೀಡನ್ ಅಂದ. "ತಾಯಿ ಓಡಿದ್ರೆ ಲೆಕ್ಕಕ್ಕಿಲ್ಲ."

"ಅವರೂ ಓಡಲಿ" ಅಂದಳು ಥಿಯಾನೊ, ನಿಲ್ಲದೆ. "ನಾನೇನು ಹಿಡಿದುಕೊಂಡಿದೀನಾ?"

ಹಿಂದಿನ ಸಾಲಿನಿಂದ ಹಗ್ಗದವನ ಹೆಂಡತಿಯ ದನಿ ಬಂತು. "ಯಜಮಾನ್ರೆ, ಏಳಿ. ಲಾಮಿಯಾ ಉಪವಾಸ ಇದಾಳೆ."

ಯಾರೋ ನಕ್ಕರು. ಹೆಂಗಸರು ನಕ್ಕರು. ಆ ನಗು ಮೇಲಿನಿಂದ ಇಳಿದು ಬಂದು ಗಂಡಸರ ಸಾಲಿಗೂ ಮುಟ್ಟಿತು. ಗಂಡಸರು ತಮ್ಮ ಕಡೆ ಯಾರೂ ನೋಡದಿರಲಿ ಎಂದು ಎಲ್ಲರಿಗಿಂತ ಜೋರಾಗಿ ನಕ್ಕು ಲ್ಯೂಕನ್ ಕಡೆ ಕೈ ತೋರಿಸಿದರು. ಲ್ಯೂಕನ್ ಎದ್ದ. ಬಯಲಿಗಿಳಿದು ಹೆಂಡತಿಯ ಮುಂದೆ ಕೈ ಚಾಚಿದ.

"ಕೊಡು."

"ಕೈಗೆ ಕೊಡಲ್ಲ. ಹಿಂದೆ ಬನ್ನಿ."

ಹೀಗಾಗಿ ಎಣ್ಣೆ ವ್ಯಾಪಾರಿ ಲ್ಯೂಕನ್, ಹಬ್ಬದ ಮುಖಂಡ, ಕೆಂಪು ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿಕೊಂಡು, ಬರಿಗೈಯಲ್ಲಿ, ಹೆಂಡತಿಯ ಹಿಂದೆ ಪೀಠದ ಸುತ್ತ ಓಡಿದ. ಎರಡನೇ ಸುತ್ತಿಗೆ ಅಂಗಿಯ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿದ. ಎದ್ದು ಮತ್ತೆ ಓಡಿದ. ಆ ವರ್ಷ ಜನ ಅಷ್ಟು ನಕ್ಕ ಆಟ ಇನ್ನೊಂದಿರಲಿಲ್ಲ. ಬಹುಮಾನ ಅವನ ತಂಡಕ್ಕೇ ಬಂತು.

ಫೀಡನ್‌ಗೆ ಬೇರೆ ದಾರಿ ಇರಲಿಲ್ಲ. "ಕೂಸಿಗೆ ಹೆಸರು?" ಅಂದ.

"ನಮ್ಮ ತಾಯಿಯ ಹೆಸರು..." ಲ್ಯೂಕನ್ ಏದುಸಿರು ಬಿಡುತ್ತ ಶುರುಮಾಡಿದ.

"ಲಾಮಿಯಾ" ಅಂದಳು ಥಿಯಾನೊ.

ಮಿರ್ತಾಲೆ ತಲೆಯೆತ್ತಿದಳು. ಕೊಂಬೆಗೆ ಸುತ್ತಿದ್ದ ಉಣ್ಣೆಯನ್ನು ಮೆಲ್ಲಗೆ ಬಿಚ್ಚಿ, ಕೂಸಿನ ತಲೆಯಡಿಗೆ ಇಟ್ಟಳು.

ಹಬ್ಬ ಮುಗಿದ ಮಾರನೇ ದಿನ ಲ್ಯೂಕನ್ ಮಣ್ಣಿನ ಗುಂಡಿಗೆ ಬೇಲಿ ಹಾಕಿಸಿದ. ಗುಡಿಸಲು ಕೀಳಿಸಿದ. ಮಿರ್ತಾಲೆ ಹಗ್ಗದವನ ಹೆಂಡತಿಯ ಹಿತ್ತಿಲಿಗೆ ಬಂದಳು. ಅವಳ ಗಂಡ ಗೊಣಗಿದ. ಗೊಣಗುವುದು ಬಿಟ್ಟು ಬೇರೇನೂ ಅವನಿಗೆ ಆ ಮನೆಯಲ್ಲಿ ಉಳಿದಿರಲಿಲ್ಲ. ನೀರಿಗೆ ಹೋದ ಹೆಂಗಸರು ಕಡಲ ಕಡೆಯಿಂದ ಒಂದೊಂದು ಬುಟ್ಟಿ ಮಣ್ಣು ತಂದು ಹಾಕುತ್ತಿದ್ದರು. ಅವಳು ತುಳಿಯುತ್ತಿದ್ದಳು.

ಬೋಳುಗುಡ್ಡದ ಮೇಲೆ ಆಮೇಲೆ ಮಡಕೆ ಕಾಣಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಂಡವು. ಗಂಡಸರು ಬೇರೆ ಕುಂಬಾರನನ್ನು ಹುಡುಕಿಕೊಂಡರು. ಆದರೆ ಇಟ್ಟು ಬಂದವನು ಹೆಂಡತಿಯ ಎದುರು ಕೂತು, ಯಾರ ಹೆಸರೂ ಸಿಗದೆ, ಗಂಜಿ ಬಟ್ಟಲನ್ನೇ ನೋಡುತ್ತ ಇರಬೇಕಾಗಿತ್ತು. ಕೆಲವು ಮನೆಗಳಲ್ಲಿ ಆ ಬಟ್ಟಲೂ ಬರುತ್ತಿರಲಿಲ್ಲ. ಆ ಕಷ್ಟಕ್ಕೆ ಹೆದರಿ ಕೆಲವರು ಒಲೆಯ ಸುತ್ತ ಓಡಿದರು. ಪ್ರೀತಿಯಿಂದಲೇ ಓಡಿದರು ಎಂದು ಅವರು ಈಗ ಹೇಳಿಕೊಳ್ಳುತ್ತಾರೆ.

ಲ್ಯೂಕನ್ ಮಗಳಿಗೆ ಹಲ್ಲು ಬರುವ ಕಾಲ ಬಂತು. ಒಂದು ಸಂಜೆ ಥಿಯಾನೊ ಅವಳನ್ನು ಮಿರ್ತಾಲೆಯ ಹಿತ್ತಿಲಿನಲ್ಲಿ ಬಿಟ್ಟಿದ್ದಳು. ಲ್ಯೂಕನ್ ಕರೆದುಕೊಂಡು ಹೋಗಲು ಬಂದ. ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು. ಒಳ್ಳೆಯ ತಂದೆಯೆಂದು ಕಾಣಲಿ ಎಂದು ಬಗ್ಗಿ, ಕೂಸಿನ ಕೆನ್ನೆ ಹಿಂಡಿ, ತುಟಿ ಸವರಿದ. ಬೆರಳು ಬಾಯಿಗೆ ಸಿಕ್ಕಿತು. ಅವಳು ಕಚ್ಚಿದಳು. ರಕ್ತ ಬರುವ ಹಾಗೆ ಕಚ್ಚಿ, ಬಿಡದೆ ಹಿಡಿದುಕೊಂಡಳು. ಲ್ಯೂಕನ್ ಕುಣಿದಾಡಿದ. ಮಿರ್ತಾಲೆ ಮಣ್ಣು ತುಳಿಯುವುದನ್ನು ನಿಲ್ಲಿಸಿ, ತನ್ನ ಮೂರು ಹಲ್ಲು ತೋರಿಸಿ ನಕ್ಕಳು.

ಲಾಮಿಯಾ ಯಾರನ್ನಾದರೂ ಕಚ್ಚಿದ್ದನ್ನು ಐಗಿನಾದ ಜನ ಕಣ್ಣಾರೆ ಕಂಡದ್ದು ಅದೇ ಮೊದಲು.